ಧರ್ಮಕ್ಕೆ ಕೊಟ್ಟ ಕಣ್ಣು

ಫ್ಯಾನಿನ ಮೂರು ರೆಕ್ಕೆಗಳು ನಿಧಾನವಾಗುತ್ತಾ ಒಂದೊಂದಾಗಿ ಕಾಣತೊಡಗಿದವು, ಇಷ್ಟು ಹೊತ್ತು ಬರೀ ಒಂದು ಬೂದು ಚಕ್ರ, ಈಗ ರೆಕ್ಕೆ, ರೆಕ್ಕೆಯ ಅಂಚಿನಲ್ಲಿ ಕಪ್ಪು ಧೂಳು, ಯುಗಾದಿಗೇ ಒರೆಸಬೇಕಿತ್ತು ಎಂದುಕೊಂಡಳು ಮುನಿಯಮ್ಮ, ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು, ಕೆಳಗೆ ಚಾಪೆಯ ಮೇಲೆ ಗಂಡ ಪುಟ್ಟಯ್ಯ ಮಲಗಿದ್ದಾರೆ, ಬೆಳಿಗ್ಗೆ ಹತ್ತಕ್ಕೆ ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲಿಲ್ಲ, ಡಾಕ್ಟರು ಬಂದು ನೋಡಿ ಕೈ ಮುಗಿದು ಹೋದರು, ನಲವತ್ತೊಂದು ವರ್ಷದ ಸಂಸಾರ ಮುಗಿದ ಹೊತ್ತಿನಲ್ಲಿ ತನಗೆ ಧೂಳು ಕಾಣುತ್ತಿದೆಯಲ್ಲ — ಫ್ಯಾನ್ ಆರಿಸಿದವನು ಮಗ ಶಶಿಕುಮಾರ, ಗಾಳಿಗೆ ಕಣ್ಣು ಒಣಗಬಾರದಂತೆ ಅಮ್ಮ, ಕಣ್ಣಿನ ಬ್ಯಾಂಕಿನವರು ಫೋನಲ್ಲಿ ಹೇಳಿದ್ರು, ಆರು ಗಂಟೆಯೊಳಗೆ ತಗೋಬೇಕಂತೆ, ಹೊರಟಿದಾರೆ. ತಲೆಯ ಕೆಳಗೆ ಎರಡು ದಿಂಬು, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ. ಆ ರೆಪ್ಪೆಗಳನ್ನು ಅವಳು ಕಪ್ಪಾಗಿ ನೋಡಿದ್ದೇ ಕಡಿಮೆ, ಹನುಮಂತನಗರದ ಈ ಬೀದಿಯ ಮೂಲೆಯಲ್ಲಿ ಅವರ ಹಿಟ್ಟಿನ ಮಿಲ್ಲು, ಸಂಜೆ ಮನೆಗೆ ಬಂದಾಗ ರೆಪ್ಪೆಯ ಕೂದಲೆಲ್ಲ ಬೆಳ್ಳಗೆ, ರಾಗಿ ಹಿಟ್ಟೋ ಗೋಧಿಯೋ, ಮದುವೆಯಾದ ಹೊಸದರಲ್ಲಿ ಅವಳು ನಕ್ಕಿದ್ದಳು, ನೀವು ಒಂದೇ ದಿನಕ್ಕೆ ಮುದುಕ ಆಗ್ಬಿಟ್ರಿ ಅಂತ. ಯಾಕ್ಲಾ ಫ್ಯಾನ್ ಆರಿಸ್ದೆ, ಎಂದು ಬಾಗಿಲ ಬಳಿ ಕೂತ ನರಸಮ್ಮ ಕೇಳುತ್ತಾಳೆ, ಅವರ ಅಕ್ಕ, ಎಂಬತ್ತರ ಹತ್ತಿರದವಳು, ಶಶಿ ಬಗ್ಗಿ ಮೆಲ್ಲಗೆ ಹೇಳುತ್ತಾನೆ, ಹೇಳಬಾರದಿತ್ತು, ಇಲ್ಲ, ಹೇಳಲೇಬೇಕಿತ್ತು, ನರಸಮ್ಮನ ಕೈ ಎದೆಗೆ ಹೋಗುತ್ತದೆ. ಕಣ್ಣಾ, ಕಣ್ ಕಿತ್ಕೊಂಡು ಮಣ್ಣಿಗೆ ಕಳಿಸ್ತೀರಾ ನನ್ ತಮ್ಮನ್ನ?

ಹೊರಗೆ ವ್ಯಾನು ಬಂದು ನಿಂತಿದೆ, ಎರಡು ಗಂಟೆಗೆ ಹೊರಟರೆ ಹೊತ್ತು ಮುಳುಗುವುದರೊಳಗೆ ಕನಕಪುರದ ಕಡೆಯ ಊರಿನಲ್ಲಿ ಮಣ್ಣು ಮಾಡಬಹುದು, ಗಡಿಯಾರದಲ್ಲಿ ಒಂದೂಕಾಲು. ಮುನಿಯಮ್ಮನೇ ಎರಡು ಗಂಟೆ ಕಳೆದಿದ್ದಳು, ಅದು ಯಾರಿಗೂ ಗೊತ್ತಿಲ್ಲ. ಹತ್ತು ಗಂಟೆಗೇ ನೇತ್ರದಾನದ ಆ ಕಾರ್ಡು ನೆನಪಾಗಿತ್ತು, ಬೀರುವಿನಲ್ಲಿ ಮದುವೆ ಸೀರೆಯ ಮಡಿಕೆಯಲ್ಲಿದೆ, ಬಸವನಗುಡಿಯ ಶಾಲೆಯೊಂದರಲ್ಲಿ ಕ್ಯಾಂಪು ನಡೆದ ಭಾನುವಾರ ಪುಟ್ಟಯ್ಯ ಬರೆದುಕೊಟ್ಟು ಬಂದಿದ್ದರು, ಸಾಕ್ಷಿಗೆ ನೀನೂ ಸೈನ್ ಹಾಕು ಅಂದರು, ಓದದೆಯೇ ಹಾಕಿದಳು, ದಾರಿಯಲ್ಲಿ ಏನು ಅಂತ ಕೇಳಿದರೆ, ಉಪಯೋಗಕ್ಕೆ ಬರೋದನ್ನ ಮಣ್ಣಿಗೆ ಹಾಕಬಾರದು ಕಣೇ, ಅಷ್ಟೇ ಮಾತು, ಆಮೇಲೆ ಕಡಲೆಕಾಯಿ ಕೊಡಿಸಿದರು. ಸುಮ್ಮನಿದ್ದುಬಿಟ್ಟರೆ ಯಾರು ಕೇಳುತ್ತಾರೆ, ಅವರಂತೂ ಕೇಳುವುದಿಲ್ಲ, ಹಾಗೆಂದುಕೊಂಡು ಹತ್ತೂವರೆಗೆ ಕೂತಿದ್ದಳು, ಹನ್ನೊಂದಕ್ಕೆ ಕೂತಿದ್ದಳು, ಆ ಕಣ್ಣನ್ನು ಕೊಡಲಾರೆ ಅನ್ನಿಸಿತು, ಜಗಳವಾಡಿದ ದಿನ ತಟ್ಟೆಯಿಂದ ಮೇಲೇಳದ ಕಣ್ಣು, ಶಶಿ ಹುಟ್ಟಿದ ದಿನ ಆಸ್ಪತ್ರೆಯ ಕಿಟಕಿಯಾಚೆ ಒದ್ದೆಯಾಗಿ ನಿಂತ ಕಣ್ಣು, ಯಾರಿಗೋ ಹೇಗೆ ಕೊಡುವುದು, ನಾಳೆ ಅದು ಯಾವ ಬೀದಿಯಲ್ಲೋ ಯಾರ ಮುಖದಲ್ಲೋ ಇದ್ದು ತನ್ನನ್ನು ನೋಡಿಯೂ ಗುರುತಿಸದೆ ಹೋದರೆ. ಹನ್ನೆರಡಕ್ಕೆ ಎದ್ದು ಬೀರು ತೆಗೆದು ಕಾರ್ಡನ್ನು ಶಶಿಯ ಕೈಗಿಟ್ಟಳು. ಯಾಕೆ ಎದ್ದಳೋ. ಧರ್ಮ ಅಂದರೆ ಅವಳಿಗೆ ಗೊತ್ತಿರುವುದು ಇಷ್ಟು, ಗುಡ್ಡದ ದೇವಸ್ಥಾನದ ಮೆಟ್ಟಿಲಲ್ಲಿ ಧರ್ಮ ಮಾಡಿ ತಾಯಿ ಎನ್ನುವ ಮುದುಕಿ, ಮಿಲ್ಲಿನ ಮುಂದೆ ಸಿಕ್ಕಿಬಿದ್ದ ಸರಗಳ್ಳನಿಗೆ ಜನ ಕೊಟ್ಟ ಧರ್ಮದೇಟು, ನಡುವೆ ನುಗ್ಗಿ ಪುಟ್ಟಯ್ಯ ತಾವೂ ನಾಲ್ಕು ತಿಂದು ಬಂದದ್ದು, ಮದುವೆಯಲ್ಲಿ ಐನೋರು ಧರ್ಮದಲ್ಲಿ ಕೈ ಬಿಡೋದಿಲ್ಲ ಅಂತ ಹೇಳಿ ಅಂದಾಗ ಇವರು ನಾಚಿಕೊಂಡು ಬರೀ ತಲೆ ಆಡಿಸಿದ್ದು — ಧರ್ಮಕ್ಕೆ ಕೊಡಕ್ಕೆ ಅದೇನು ನಿಮ್ ಮಿಲ್ಲಿನ ಹಿಟ್ಟೇನೇ, ನರಸಮ್ಮನ ದನಿ ಏರುತ್ತದೆ, ಅವ್ವ ಸತ್ತಾಗ ಅವನಿಗೆ ಒಂದೂವರೆ ವರ್ಷ, ಸೊಂಟದ ಮೇಲೆ ಹೊತ್ಕೊಂಡು ಸಾಕ್ದೋಳು ನಾನು, ಆ ಕಣ್ಣಿಗೆ ಕಾಡಿಗೆ ಹಚ್ದೋಳು ನಾನು, ಮುಂದಿನ ಜನ್ಮಕ್ಕೆ ಕುರುಡನಾಗಿ ಹುಟ್ಲಿ ಅಂತೀಯಾ? ಹೆಂಗಸರೆಲ್ಲ ಮುನಿಯಮ್ಮನ ಕಡೆ ತಿರುಗುತ್ತಾರೆ. ಅಕ್ಕನ ಮಾತಿನಲ್ಲಿ ಸುಳ್ಳೇನಿದೆ, ಹಚ್ಚಿದ್ದು ನಿಜ, ಸಾಕಿದ್ದು ನಿಜ, ಮುಂದಿನ ಜನ್ಮ ಯಾರು ಕಂಡರು, ನಿಜವೇ ಆಗಿದ್ದರೆ, ಅವರು ಎಲ್ಲೋ ಗೋಡೆ ತಡವುತ್ತಾ ನಡೆಯುವಂತಾದರೆ, ಬೇಡ ಅಂದುಬಿಡಲೇ, ಒಂದು ಮಾತು ಸಾಕು, ಬಂದವರು ಹಾಗೇ ಹಿಂದಿರುಗುತ್ತಾರೆ.

ಬಂದೇಬಿಟ್ಟರು, ಒಬ್ಬ ಗಂಡಸು, ಒಬ್ಬಳು ಹುಡುಗಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ ಹುಡುಗಿ ಮೊದಲು ಪುಟ್ಟಯ್ಯನವರಿಗೆ ಕೈ ಮುಗಿದಳು, ಆಮೇಲೆ ಇವಳಿಗೆ, ನಾನು ಹೇಮಶ್ರೀ ಅಮ್ಮ, ಅವರು ಬರೆದುಕೊಟ್ಟಿದ್ರೂ ನಿಮ್ಮ ಒಪ್ಪಿಗೆ ಬೇಕು, ನೀವು ಬೇಡ ಅಂದ್ರೆ ನಾವು ಮುಟ್ಟಲ್ಲ. ಕಾಗದ ಮುಂದಿದೆ, ಪೆನ್ನು ಮುಂದಿದೆ. ಕಾಗದವನ್ನು ಹಿಡಿದುಕೊಂಡೇ ಅವಳು ನರಸಮ್ಮನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು, ಮಾತು ಎಲ್ಲಿಂದ ಬಂತೋ, ಅಕ್ಕ, ನನ್ನನ್ನ ಕೇಳಿದ್ರೆ ನಾನೂ ಕೊಡ್ತಿರ್ಲಿಲ್ಲ, ಎರಡು ಗಂಟೆ ಮುಚ್ಚಿಟ್ಕೊಂಡು ಕೂತಿದ್ದೆ, ಆದ್ರೆ ಅದು ನಂದಲ್ಲ, ನಿಮ್ದೂ ಅಲ್ಲ, ಅವ್ರದು, ಅವರು ಕೊಟ್ಟಾಗಿದೆ, ಕೊಟ್ಟಿದ್ದನ್ನ ನಾವು ಹೆಂಗೆ ಇಟ್ಕೊಳ್ಳೋದು? ನರಸಮ್ಮ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು, ಮುನಿಯಮ್ಮ ಅಲ್ಲೇ ನೆಲದ ಮೇಲೆ ಕಾಗದವಿಟ್ಟು ಸೈನ್ ಹಾಕಿದಳು, ಈ ಸಲ ಪೂರ್ತಿ ಓದಿ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು, ಇಪ್ಪತ್ತು ನಿಮಿಷ, ವರಾಂಡದಲ್ಲಿ ಯಾರೋ ನೀರು ಕೊಟ್ಟರು, ಕುಡಿದಳೋ ಇಲ್ಲವೋ, ಒಳಗಿನಿಂದ ಸದ್ದೇ ಇಲ್ಲ, ಸದ್ದಾದರೆ ಎಂದು ಕಿವಿ ಮುಚ್ಚಿಕೊಂಡಳು, ವ್ಯಾನಿನ ಡ್ರೈವರು ಎರಡು ಸಲ ಇಣುಕಿ ಹೋದ. ಬಾಗಿಲು ತೆರೆಯಿತು. ಆಯ್ತಮ್ಮ, ಬಂದು ನೋಡಿ, ಎಂದಳು ಹೇಮಶ್ರೀ. ಮುನಿಯಮ್ಮನಿಗಿಂತ ಮೊದಲು ನರಸಮ್ಮ ಗೋಡೆ ಹಿಡಿದುಕೊಂಡು ಎದ್ದಳು, ಒಳಗೆ ಹೋದಳು, ತಮ್ಮನ ಮುಖದ ಮೇಲೆ ಬಗ್ಗಿದಳು, ಹಿಂದಿನಿಂದ ಇವಳು, ಗುಳಿ ಬಿದ್ದಿರುತ್ತದೆ, ರಕ್ತವಿರುತ್ತದೆ ಎಂದು ಹೆದರಿಕೊಂಡೇ ಬಂದಳು, ಏನೂ ಇಲ್ಲ, ರೆಪ್ಪೆಗಳು ಮುಚ್ಚಿವೆ, ಮಧ್ಯಾಹ್ನ ಉಂಡು ಮಲಗಿದ ಹಾಗೆ, ಎಡಗಣ್ಣಿನ ತುದಿಯಲ್ಲಿ ಮಾತ್ರ ಒಂದು ಹನಿ, ತೊಳೆದ ಔಷಧಿಯ ನೀರಿರಬೇಕು, ನೋಡುತ್ತಿದ್ದಂತೆ ಅದು ಜಾರಿ ಕಿವಿಯ ಕಡೆಗೆ ಹೊರಟಿತು, ಯಾಕೋ ಅಳ್ತೀಯಾ, ಎಂದಳು ನರಸಮ್ಮ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಆ ಹನಿಯನ್ನು ಒರೆಸಿದಳು, ಮತ್ತೊಂದು ಮೂಡಿತು, ಒರೆಸಿದಳು, ಸೆರಗಿನ ತುದಿ, ಬೆರಳು, ಮತ್ತೊಂದು ಹನಿ —