ಪಕ್ಷದ ಹೆಸರಿಗೊಂದು ಪೂಜೆ

ತೀರಿಕೊಂಡವರ ಹೆಸರಿನಲ್ಲಿ ಇಗರ್ಜಿಯಲ್ಲಿ ಪೂಜೆ ಹೇಳಿಸದಿದ್ದರೆ ಮಸ್ಕತ್ತಿನ ಹಮ್ರಿಯಾದಲ್ಲಿರುವ ಮಾರ್ಗರೆಟ್‌ಗೆ ಊಟ ಸೇರುವುದಿಲ್ಲ. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಬೆಳೆದದ್ದೇ ಹಾಗೆ. ಆದರೆ ಈ ಸಲ ಸತ್ತದ್ದು ಮನುಷ್ಯನಲ್ಲ, ಒಂದು ರಾಜಕೀಯ ಪಕ್ಷ!

ಅವಳು ನೋಡಿಕೊಳ್ಳುತ್ತಿದ್ದ ಇಟಲಿಯ ಅಜ್ಜ ಎತ್ತೊರೆ ತನ್ನೂರಿನಲ್ಲಿ ಕಟ್ಟಿದ ಪಕ್ಷ. ಹೆಸರು 'ಚೆಂತ್ರೊ ಫ್ರಾತೆರ್ನೊ'. ಎಡವೂ ಬೇಡ, ಬಲವೂ ಬೇಡ, ಯೇಸುವಿನ ಮಾತು ನೆನೆದು ನಡುದಾರಿ ಹಿಡಿಯೋಣ ಎಂದು ಹೊರಟವರು. ಎರಡನೇ ಚುನಾವಣೆ ನೋಡಲಿಲ್ಲ. ದೊಡ್ಡ ಪಕ್ಷವೊಂದು ಗುಳುಂ ಮಾಡಿತು. ಅಷ್ಟರಲ್ಲಿ ಅಜ್ಜ ಹೃದಯದ ಆಪರೇಷನ್ ಮುಗಿಸಿ ಮಸ್ಕತ್ತಿನಲ್ಲಿದ್ದ ಮಗಳು ಲೂಚಿಯಾಳ ಮನೆ ಸೇರಿದ್ದ. "ಅಪ್ಪನಿಗೆ ಗೊತ್ತಾಗಬಾರದು, ತಡೆದುಕೊಳ್ಳಲಾರ" ಎಂದು ಅವಳು ಮಾರ್ಗರೆಟ್‌ಳ ಕೈಹಿಡಿದು ಬೇಡಿಕೊಂಡಿದ್ದಳು.

ಗುಟ್ಟೇನೋ ಹೊಟ್ಟೆಯಲ್ಲಿ ಉಳಿಯಿತು, ಸಂಕಟ ಉಳಿಯಬೇಕಲ್ಲ! ದಿನಾ ಬೆಳಿಗ್ಗೆ ಅಜ್ಜ ದೂರದ ಮಗುವನ್ನು ವಿಚಾರಿಸುವ ಹಾಗೆ ಪಕ್ಷದ ಸುದ್ದಿ ಕೇಳುವಾಗ ಅವಳು "ಚೆನ್ನಾಗಿದೆ ಸರ್" ಎಂದು ಸುಳ್ಳು ಹೇಳಬೇಕಿತ್ತು. ಕೊನೆಗೆ ಹತ್ತಿರದ ರೂವಿಯ ಇಗರ್ಜಿಯ ಕೊಂಕಣಿ ಪೂಜೆಗೆ ಪಕ್ಷದ ಹೆಸರು ಕೊಟ್ಟೇಬಿಟ್ಟಳು.

"ಪಕ್ಷಕ್ಕೆ ಆತ್ಮ ಉಂಟಾ ಮಾರಾಯ್ತಿ?" ಗಂಡ ಫಿಲಿಪ್ ನಕ್ಕ.

"ನೀವು ಸುಮ್ನೆ ಕೂತ್ಕೊಳ್ಳಿ. ಸಾಕಿದವರಿಗೆ ಗೊತ್ತು ಅದರ ಸಂಕಟ."

ಗ್ರಹಚಾರ ನೋಡಿ! ಪೂಜೆಯಿದ್ದ ಆ ಶುಕ್ರವಾರವೇ ಅಜ್ಜ "ನಾನೂ ಬರುತ್ತೇನೆ" ಎಂದು ಹಟ ಹಿಡಿದ. ಕೊಂಕಣಿ ತಿಳಿಯುವುದಿಲ್ಲವಲ್ಲ ಎಂದು ಅವಳು ಧೈರ್ಯ ಮಾಡಿದಳು. ಹೆಸರಿಗೆ ಯಾವ ಭಾಷೆಯಾದರೇನು, ಪೆದ್ದಿ! ತೀರಿಕೊಂಡವರ ಹೆಸರು ಓದುತ್ತಿದ್ದ ಟೆರೆನ್ಸ್, ಯಾರೋ ಪರದೇಶದ ಮನುಷ್ಯನಿರಬೇಕೆಂದುಕೊಂಡು, "ದಿವಂಗತ ಚೆಂತ್ರೊ ಫ್ರಾತೆರ್ನೊ" ಎಂದು ಗಟ್ಟಿಯಾಗಿ ಓದಿದ. ತುಂಬಿದ ಇಗರ್ಜಿ ತಲೆಬಾಗಿ ಪ್ರಾರ್ಥಿಸಿತು.

ಅಜ್ಜ ಬೆಚ್ಚಿ ಅವಳ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. ಪೂಜೆ ಮುಗಿದು ಅಂಗಳಕ್ಕೆ ಬಂದ ಮೇಲೆ ಮೆಲ್ಲನೆ ಕೇಳಿದ, "ಯಾವಾಗ ತೀರಿಕೊಂಡಿತು?"

"ಹೋದ ವರ್ಷ ಸರ್. ಮುಚ್ಚಿಟ್ಟೆವು, ತಪ್ಪಾಯ್ತು." ಅವಳಿಗೆ ಅಳು ತಡೆಯಲಾಗಲಿಲ್ಲ.

ಎತ್ತೊರೆ ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಎಲ್ಲಿ ಈ ಎದೆ ನಿಂತೇಹೋಗುತ್ತದೋ ಎಂದು ಮಾರ್ಗರೆಟ್ ದೇವರಿಗೆ ಮೊರೆಯಿಡುತ್ತ ಅವನ ಬೆನ್ನು ನೇವರಿಸಿದಳು. ಹೊರಬರುತ್ತಿದ್ದವರು, ಪಾಪ, ಮನೆಯವರೇ ಯಾರೋ ಹೋಗಿರಬೇಕೆಂದು ಒಬ್ಬೊಬ್ಬರಾಗಿ ಬಂದು ಅವನ ಕೈಹಿಡಿದು ಸಂತಾಪ ಹೇಳತೊಡಗಿದರು. ಸಾಲು ಗೇಟಿನವರೆಗೂ ಬೆಳೆಯಿತು. ಅಜ್ಜ ಎದ್ದು ನಿಂತು ಪ್ರತಿಯೊಬ್ಬರಿಗೂ ತಲೆಬಾಗಿದ. ನಡುವೆ ಮಾರ್ಗರೆಟ್‌ಳತ್ತ ತಿರುಗಿ ಕಣ್ಣೀರಿನಲ್ಲೇ ನಕ್ಕ.

"ಪಕ್ಷ ಹುಟ್ಟಿದ ದಿನವೂ ಇಷ್ಟು ಜನ ಬಂದಿರಲಿಲ್ಲ, ಮಗಳೇ."