ಹಳದಿ ಕಯಾಕಿನ ಭಾರ

ನಾನೊಂದು ಕ್ಯಾರಿಯರ್. ಹೊನ್ನಾವರದಲ್ಲಿ ವೆಲ್ಡಿಂಗ್ ಮಾಡುವ ಇಸ್ಮಾಯಿಲ್ ಸಾಬರು ಕಬ್ಬಿಣದ ಪೈಪು ಕತ್ತರಿಸಿ, ಕಿಡಿ ಹಾರಿಸಿ ನನಗೆ ರೂಪ ಕೊಟ್ಟರು. ಮೈ ಇನ್ನೂ ಬಿಸಿಯಿದ್ದಾಗಲೇ ಹಳೆಯ ಜೀಪೊಂದರ ನೆತ್ತಿಗೆ ನನ್ನನ್ನು ಬಿಗಿದರು. ಹಾಗಾಗಿ ನಾನು ಮನುಷ್ಯರನ್ನು ಮೇಲಿನಿಂದಲೇ ನೋಡಿದವನು. ಮುಖಕ್ಕಿಂತ ಹಗ್ಗ ಬಿಗಿಯುವ ಕೈಗಳು ನನಗೆ ಚೆನ್ನಾಗಿ ಗೊತ್ತು.

ಜೀಪು ಜಟ್ಟಿ ಹರಿಕಂತ್ರನದು. ಮೀನುಗಾರರ ಮನೆಯವನು. ಬಲೆ ಬಿಟ್ಟು, ಶರಾವತಿಯ ಉಪ್ಪುನೀರಲ್ಲಿ ಬೇರು ಬಿಟ್ಟ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರನ್ನು ಕಯಾಕಿನಲ್ಲಿ ತಿರುಗಾಡಿಸುವ ಕೆಲಸ ಹಿಡಿದಿದ್ದ. ಕಯಾಕ್ ಎಂದರೆ ಕೂತು ಹುಟ್ಟು ಹಾಕುವ ಸಣ್ಣ ಪ್ಲಾಸ್ಟಿಕ್ ದೋಣಿ. ಅವನ ಹತ್ತಿರ ಕೆಂಪು ಒಂದು, ಹಳದಿ ಒಂದು ಇದ್ದವು. ಅವು ಉಜ್ಜಿ ಹಾಳಾಗದಿರಲೆಂದು ನನ್ನ ಪೈಪುಗಳಿಗೆ ಹಳೆಯ ಟಯರಿನ ಟ್ಯೂಬು ಸುತ್ತಿದ. ದೋಣಿ ಏರಿಸಿದ ಮೇಲೆ ಅವನು ಈ ಬದಿಯಿಂದ ಹಗ್ಗ ಎಸೆಯುತ್ತಿದ್ದ, ಆ ಬದಿಯಿಂದ ಹೆಂಡತಿ ಗುಲಾಬಿ ಎಳೆಯುತ್ತಿದ್ದಳು.

"ಬಿಗಿ ಆಯ್ತನೇ?"

"ಇನ್ನೆಷ್ಟು ಬಿಗೀಲಿ? ಜೀಪೇ ಮುರ್ದು ಬೀಳ್ತದೆ!"

ಇಬ್ಬರ ನಗುವೂ ಹಗ್ಗದ ಗುಂಟ ನನ್ನೊಳಗೆ ಇಳಿಯುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ಪ್ರವಾಸಿ ಯುವಕನೊಬ್ಬ ಬೇಡವೆಂದರೂ ಕೇಳದೆ ಕೆಂಪು ಕಯಾಕನ್ನು ಅಳಿವೆಯ ಕಡೆ ತಿರುಗಿಸಿದ. ನದಿ ಸಮುದ್ರ ಸೇರುವ ಜಾಗ ಅದು. ಇಳಿತದ ಸೆಳೆತ ಅವನನ್ನು ಎಳೆದುಕೊಂಡು ಹೋಯಿತು. ಜಟ್ಟಿ ಹಳದಿ ಕಯಾಕ್ ಏರಿ ಬೆನ್ನಟ್ಟಿದ. ಮೀನಿನ ದೋಣಿಯವರು ಆ ಯುವಕನನ್ನು ಬದುಕಿಸಿ ತಂದರು. ಅವನ ಮೈಮೇಲೆ ಜಟ್ಟಿಯ ಲೈಫ್ ಜಾಕೆಟ್ ಇತ್ತು. ಸಂಜೆ ಹಳದಿ ಕಯಾಕ್ ಮಗುಚಿಕೊಂಡು ದಡಕ್ಕೆ ಬಂತು. ಜಟ್ಟಿ ಬರಲಿಲ್ಲ.

ಜನ ಅದನ್ನು ಎತ್ತಿ ನನ್ನ ಮೇಲಿಟ್ಟರು. ಖಾಲಿ ದೋಣಿ. ಆದರೂ ನನ್ನ ಪೈಪು ಬಾಗಿತು. ಅದು ಒಳಗೆ ಕೂತವನ ಭಾರ. ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತಿತ್ತು, ಬ್ರೇಕು ಹಾಕಿದರೆ ಮುಂದಕ್ಕೆ ಜಗ್ಗುತ್ತಿತ್ತು. ಅಷ್ಟೇ ಅಲ್ಲ, ಬಿಸಿಲಲ್ಲಿ ಒಣಗಿಸಿ, ಬಟ್ಟೆಯಲ್ಲಿ ಒರೆಸಿ ಏರಿಸಿದರೂ ಜೀಪು ಹೊರಟೊಡನೆ ಉಪ್ಪುನೀರು ಮುಂದಿನ ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಗುಲಾಬಿ ವೈಪರ್ ಹಾಕುತ್ತಿದ್ದಳು.

ಕುಮಟಾ, ಗೋಕರ್ಣ, ಅಂಕೋಲಾ, ಎಲ್ಲಿ ಹೆಣ ದಡಕ್ಕೆ ಬಂದರೂ ಪೊಲೀಸರು ಅವಳಿಗೆ ಫೋನು ಮಾಡುತ್ತಿದ್ದರು. ಪ್ರತಿ ಸಲವೂ ಅವಳು ಹಳದಿ ಕಯಾಕನ್ನು ಏರಿಸಿಯೇ ಹೊರಡುವಳು.

"ಅಕ್ಕಾ, ಹೆಣ ನೋಡೂಕೆ ಹೋಗ್ವಾಗ ಈ ದೋಣಿ ಎಂತಕೆ?" ಎಂದ ಅವಳ ತಮ್ಮ ಗಣಪು.

"ಗುರ್ತು ಸಿಗ್ಬೇಕಲ್ಲ ನಿನ್ನ ಭಾವಂಗೆ."

ಗಣಪು ಹೆದರಿದ. ಮರುದಿನದಿಂದ ಜೊತೆಗೆ ಬರಲಿಲ್ಲ. ಗುಲಾಬಿ ಒಬ್ಬಳೇ ದೋಣಿಯನ್ನು ಹಿಂದಿನಿಂದ ಎತ್ತಿ ನೂಕಿ ಏರಿಸುವಳು. ಈ ಬದಿಯಿಂದ ಹಗ್ಗ ಎಸೆದು, ಸುತ್ತು ಬಳಸಿ ಆ ಬದಿಗೆ ಹೋಗಿ ಎಳೆಯುವಳು. ಕೆಲವು ಸಲ ಅವಳು ಅಲ್ಲಿಗೆ ತಲುಪುವ ಮೊದಲೇ ಹಗ್ಗ ಬಿಗಿಯಾಗಿರುತ್ತಿತ್ತು. ಆಗ ಅವಳು ಹಗ್ಗದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

ಗೋಕರ್ಣದ ಆಚೆಯ ದಂಡೆಗೆ ಒಮ್ಮೆ ಒಂದು ಹೆಣ ಬಂದಿತ್ತು. ಜಟ್ಟಿಯದಲ್ಲ. ವಾರಸುದಾರರು ಯಾರೂ ಬರಲಿಲ್ಲ. ಹೂಳಲು ಸಿದ್ಧರಾಗಿದ್ದ ಪೊಲೀಸರನ್ನು ಬೇಡಿಕೊಂಡು, ಗುಲಾಬಿ ತಾನೇ ಅದಕ್ಕೆ ಬೆಂಕಿ ಕೊಟ್ಟಳು. ಹಿಂದಿರುಗುವಾಗ ದಾರಿಯಲ್ಲಿ ಜೀಪು ನಿಲ್ಲಿಸಿ, ನನ್ನ ಪೈಪು ಹಿಡಿದುಕೊಂಡು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದಳು. ಆ ಹೆಣದ ಮುಖವನ್ನು ಮೀನುಗಳು ತಿಂದಿದ್ದವು.

ಕೆಲವು ತಿಂಗಳ ಬಳಿಕ ಒಂದು ಮಧ್ಯಾಹ್ನ ಗಂಗೊಳ್ಳಿಯಿಂದ ಸೀತು ಖಾರ್ವಿ ಎಂಬ ಮುದುಕಿ ಮನೆ ಹುಡುಕಿಕೊಂಡು ಬಂದಳು. ಅವಳ ಮಗ ಬೋಟಿನಿಂದ ಸಮುದ್ರಕ್ಕೆ ಬಿದ್ದಿದ್ದ. ಗೋಕರ್ಣದಲ್ಲಿ ಎತ್ತಿಟ್ಟಿದ್ದ ಹೆಣದ ಬಟ್ಟೆಯ ಗುರುತು ಹಿಡಿದ ಅವಳಿಗೆ ಪೊಲೀಸರು ಗುಲಾಬಿಯ ಹೆಸರು ಹೇಳಿದ್ದರು.

"ನನ್ ಮಗನಿಗೆ ಬೆಂಕಿ ಕೊಟ್ಟದ್ ನೀನೇ ಅಂಬ್ರ್. ಅವ್ನ್ ಮುಖ ಹ್ಯಾಂಗ್ ಇದ್ದಿತ್, ಮಗಾ?"

ಗುಲಾಬಿ ರೆಪ್ಪೆ ಅಲುಗಿಸಲಿಲ್ಲ. "ಮಲ್ಗಿದಾಂಗೆ ಇತ್ತಮ್ಮ. ಒಳ್ಳೆ ನಿದ್ದೆ ಬಂದಾಂಗೆ."

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು.

ಆ ಜಾಗ ನೋಡಬೇಕೆಂದು ಅವಳು ಕೇಳಿದಾಗ ಗುಲಾಬಿ ಜೀಪು ತೆಗೆದಳು. ಹಳದಿ ಕಯಾಕ್ ನನ್ನ ಮೇಲಿತ್ತು. ದಂಡೆಯಲ್ಲಿ ಸೀತು ಮೊಣಕಾಲುದ್ದ ನೀರಿಗಿಳಿದು, ಮಗನ ಹೆಸರು ಹೇಳಿ ಬೊಗಸೆ ನೀರು ಬಿಟ್ಟಳು. ಪಕ್ಕದಲ್ಲಿ ನಿಂತ ಗುಲಾಬಿ ಮೆಲ್ಲಗೆ ಕೇಳಿದಳು: "ನಮ್ಮವ್ರಿಗೂ ಒಂದು ಬೊಗಸೆ ಬಿಡಿ, ಅಮ್ಮಾ. ಎಲ್ಲಾದ್ರೂ ಯಾರಾದ್ರೂ ಅವ್ರಿಗೂ ಬೆಂಕಿ ಕೊಟ್ಟಿರ್ಬೌದು."

"ಹೆಸ್ರೆಂತ?"

ಗುಲಾಬಿ ಬಾಯಿ ತೆರೆದು ಮುಚ್ಚಿದಳು. ಅವರ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಪೊಲೀಸರು ಕೇಳಿದಾಗಲೂ ಗಣಪುವೇ ಹೇಳಿದ್ದ.

"ಹೆಸ್ರ್ ಹೇಳ್ದಿದ್ರೆ ನೀರ್ ಯಾರಿಗೆ ಬಿಡೂದ್, ಮಗಾ?"

"ಜಟ್ಟಿ," ಎಂದಳು ಗುಲಾಬಿ. ತೆರೆಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಆಮೇಲೆ ಎದೆ ಬಿರಿಯುವಂತೆ ಕೂಗಿದಳು, "ಜಟ್ಟೀ!"

ನನ್ನ ಮೇಲಿನ ಭಾರ ಅಲುಗಿತು. ಹೆಸರು ಹಿಡಿದು ಕರೆದರೆ ಯಾರಾದರೂ ತಿರುಗಿ ನೋಡುತ್ತಾರಲ್ಲ, ಹಾಗೆ.

ಮರಳುವಾಗ ತಿರುವಿನಲ್ಲಿ ದೋಣಿ ವಾಲಲಿಲ್ಲ. ಗುಲಾಬಿ ಅಭ್ಯಾಸಬಲದಿಂದ ವೈಪರ್ ಹಾಕಿದಳು. ಅದು ಒಣ ಗಾಜನ್ನು ಕರಕರ ಕೆರೆಯಿತು. ಅವಳು ಜೀಪು ನಿಲ್ಲಿಸಿದಳು. ಸೀತು ಅವಳ ತಲೆಯನ್ನು ತೊಡೆಗೆಳೆದುಕೊಂಡಳು. ಇಷ್ಟು ದಿನ ಅಳದವಳು ಅಂದು ಅತ್ತಳು.

ಜೀಪು ಗುಜರಿಗೆ ಹೋಗಿ ವರ್ಷಗಳಾದವು. ನಾನು ಮನೆಯ ಹಿಂದೆ ಕಲ್ಲುಗಳ ಮೇಲೆ ಮಲಗಿದ್ದೇನೆ. ನನ್ನ ಮೇಲೆ ಬಂಗಡೆ ಮೀನು ಒಣಗುತ್ತದೆ. ಸೀತು ಆಗಾಗ ಬರುತ್ತಾಳೆ, ಇಬ್ಬರೂ ನೆರಳಲ್ಲಿ ಕೂತು ಕಾಗೆ ಓಡಿಸುತ್ತಾರೆ. ತುಕ್ಕು ನನ್ನನ್ನು ಒಳಗಿನಿಂದ ತಿನ್ನುತ್ತಿದೆ. ಹೊರುವುದಷ್ಟೇ ಕಲಿತ ಕಬ್ಬಿಣ ನಾನು. ಜಟ್ಟಿ ಅಂದು ಆ ದಂಡೆಯಲ್ಲಿ ನನ್ನ ಮೇಲಿನಿಂದ ಇಳಿದು ಎತ್ತ ಹೋದನೋ, ನನಗೆ ಕಾಣಲಿಲ್ಲ.