ಬೈಯದೆ ಕುಳಿತ ಅಣ್ಣ

ಚಳಿ ಮುಗಿದು, ಬೈಂಡಿಂಗ್ ಅಂಗಡಿಯನ್ನು ಬೆಚ್ಚಗಿಡುವ ಕಬ್ಬಿಣದ ಕಟ್ಟಿಗೆ ಒಲೆ ಆರಿಸಿದ ಮೇಲೆ, ಅದನ್ನು ಬಿಚ್ಚಿ ಶುಚಿ ಮಾಡುವುದು ಅಣ್ಣನ ಕೆಲಸ. ಬೇರೆಯವರು ಮುಟ್ಟುವ ಹಾಗಿಲ್ಲ. ತಂಗಿಯಾದವಳು ಕೆಳಗೆ ಹಳೇ ಬಟ್ಟೆ ಹಾಸಬೇಕು, ಬೂದಿಯ ಬಕೆಟ್ ಹಿಡಿಯಬೇಕು, ಬೈಸಿಕೊಳ್ಳಬೇಕು, ಅಷ್ಟೆ. ಬೀದಿಯವರು ಅವನಿಗೆ ಸಿಡುಕಣ್ಣ ಎಂದು ಹೆಸರಿಟ್ಟದ್ದು ಸುಮ್ಮನೇನಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಈ ಅಂಗಡಿಗೆ ಬಂದು ಪುಸ್ತಕಗಳ ಬೆನ್ನು ಹೊಲಿಯಲು ಕೂತಾಗಿನಿಂದ ಅವನ ಬೈಗುಳ ಕೇಳದ ದಿನವೇ ಇಲ್ಲ.

ಈ ಸಲ ಅವನು ‘ನೀನೇ ಮಾಡು’ ಎಂದವನೇ ಕಂಬಳಿ ಹೊದ್ದು ಕುರ್ಚಿಯಲ್ಲಿ ಕುಳಿತುಬಿಟ್ಟ. ಹಿಂದಿನ ದಿನ ಒಬ್ಬನೇ ಡಾಕ್ಟರ ಹತ್ತಿರ ಹೋಗಿಬಂದಿದ್ದ. ಏನಂದರು ಅಂತ ಅವಳು ಕೇಳಿದ್ದಕ್ಕೆ, ಅವರ ಮೇಜಿನ ಒಂದು ಕಾಲು ಗಿಡ್ಡ, ರಟ್ಟು ಮಡಿಸಿ ಅದರಡಿ ಇಟ್ಟುಬಂದೆ ಎಂದಿದ್ದ. ಇನ್ನೊಮ್ಮೆ ಕೇಳಿದಾಗ ಕೆಮ್ಮು ಬಂದು ಮಾತು ಅಲ್ಲಿಗೇ ನಿಂತಿತ್ತು.

ಅವಳು ಬೂದಿ ತೋಡಿದಳು. ಒಂದಿಷ್ಟು ನೆಲಕ್ಕೆ ಚೆಲ್ಲಿತು. ಅವನು ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡ. ಸಂದಿಯಿಂದ ಹೊಗೆ ಬರದಂತೆ ಒಲೆಯ ಬಾಗಿಲಿಗೆ ಸುತ್ತಲೂ ಕೂರಿಸಿದ್ದ ಹಗ್ಗ ಸುಟ್ಟು ನಾರುನಾರಾಗಿತ್ತು. ಅದನ್ನು ಕಿತ್ತು ಹೊಸದನ್ನು ಅಂಟಿಸುವಾಗ ಅವಳ ಮುಂಗೈತನಕ ಅಂಟು ಮೆತ್ತಿಕೊಂಡಿತು. ಪುಸ್ತಕಕ್ಕೆ ಒಂದು ಹನಿ ಅಂಟು ಹೆಚ್ಚಾದರೆ ಸಾಕು, ಅವಳ ಹಿಂದಿನ ತಲೆಮಾರುಗಳನ್ನೆಲ್ಲ ಎಳೆದು ತಂದು ಜಾಡಿಸುತ್ತಿದ್ದ, ಅವು ತನ್ನವೂ ಹೌದೆಂಬುದನ್ನು ಮರೆತು. ಈಗ ಆ ಬಾಯಿಂದ ಚಕಾರವಿಲ್ಲ.

ಹೊಗೆ ಕೊಳವೆಯನ್ನು ಹಿತ್ತಲಿಗೆ ಒಯ್ದು ತಂತಿ ಬ್ರಷ್ಷಿನಿಂದ ಉಜ್ಜಿದಳು. ಚಳಿಗಾಲವಿಡೀ ಕಟ್ಟಿದ ಮಸಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಉಜ್ಜುತ್ತ ಉಜ್ಜುತ್ತ ಅವಳ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು: ಬೈದರೆ ಅಣ್ಣನಿಗೆ ಏನೂ ಆಗಿಲ್ಲ; ಬೈಯದಿದ್ದರೆ ಡಾಕ್ಟರು ಹೇಳಬಾರದ್ದನ್ನೇ ಹೇಳಿದ್ದಾರೆ.

ಕೊಳವೆಯ ಸಣ್ಣ ಬಾಯಿ ಕೆಳಗೆ ಬಂದು ಒಲೆಯ ಕುತ್ತಿಗೆಯೊಳಗೆ ಇಳಿಯಬೇಕು. ಆಗ ಹೊಗೆಯ ಜಿಡ್ಡು ಒಳಗೇ ಜಾರಿ ಉರಿದುಹೋಗುತ್ತದೆ. ತಲೆಕೆಳಗಾಗಿ ಕೂರಿಸಿದರೆ ಸಂದಿಯಿಂದ ಹೊರಗೆ ಸೋರಿ ಗೋಡೆ, ಕಾಗದ ಎಲ್ಲ ಹಾಳು. ಇದನ್ನವನು ಪ್ರತಿವರ್ಷ ಕಿವಿ ತೂತಾಗುವಷ್ಟು ಹೇಳಿದ್ದಾನೆ. ಅವಳು ಒಳಗೆ ಬಂದು, ಬೇಕೆಂದೇ ಅದನ್ನು ತಲೆಕೆಳಗಾಗಿ ಇಟ್ಟಳು. ಅವನಿಗೆ ಚೆನ್ನಾಗಿ ಕಾಣಲೆಂದು ಪಕ್ಕಕ್ಕೆ ಸರಿದು ನಿಂತು ನಿಧಾನವಾಗಿ ತಿರುಪು ಬಿಗಿದಳು.

ಅವನು ಕೊಳವೆ ನೋಡಿದ. ಅವಳನ್ನು ನೋಡಿದ.

“ಆಯ್ತಲ್ಲ. ಕೈ ತೊಳ್ಕೋ ಹೋಗು.”

ಅವಳು ಬಗ್ಗಿ ತಿರುಪು ಸಡಿಲಿಸಿ, ಕೊಳವೆ ಎತ್ತಿ, ತಿರುಗಿಸಿ ಸರಿಯಾಗಿ ಕೂರಿಸಿದಳು.

“ಬೇಕಂತಲೇ ಹಾಕಿದ್ದೆ ಅಲ್ವೇನೇ?” ಎಂದ ಹಿಂದಿನಿಂದ.

“ನೋಡ್ಕೊಂಡು ಸುಮ್ನೆ ಕೂತಿದ್ಯಲ್ಲ ಅಣ್ಣ. ಬೈಬಾರ್ದಿತ್ತಾ?”

“ನಾನು ಬಾಯಿ ಬಿಡದೆ ಇದ್ರೂ ಸರಿಮಾಡ್ತೀಯಾ ಅಂತ ನೋಡ್ತಿದ್ದೆ. ಮುಂದಿನ ಚಳಿಗೆ ಒಲೆ ಹಚ್ಚೋಳು ನೀನೇ ತಾನೆ.”

ಡಾಕ್ಟರು ಏನಂದರು ಎಂದು ಅವಳು ಮತ್ತೆ ಕೇಳಲಿಲ್ಲ. ಅವನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತು, ಇನ್ನೇನೇನು ಮಾಡಬೇಕು ಹೇಳು ಎಂದಳು. ಬೇಸಿಗೆಯಲ್ಲಿ ಒಲೆಯ ಬಾಗಿಲು ಪೂರ್ತಿ ಮುಚ್ಚಬಾರದು, ಗಾಳಿಯಾಡದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ ಎಂದು ಅವನು ತಡೆತಡೆದು ಹೇಳತೊಡಗಿದ. ಅದೆಲ್ಲ ಅವಳಿಗೆ ಗೊತ್ತಿತ್ತು. ಏನೂ ಗೊತ್ತಿಲ್ಲದವಳ ಹಾಗೆ ಕೇಳಿಸಿಕೊಂಡಳು.